2147483647 ಅವಿಭಾಜ್ಯ ಅಂತ ಕರಿಹಲಗಿ ಮ್ಯಾಲ ತೋರಿಸೋದು ಹ್ಯಾಂಗ?

ಕಾಗಿಣಾ ದಂಡಿ, ಸೇಡಂ ತಾಲೂಕು:

ಎಲ್ಲರಿಗೂ ನಮಸ್ಕಾರ್ರೀ. ನಾ ಸೇಡಂ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಾಗ ಗಣಿತ ಟೀಚರ್. ನಮ್ಮ ಸಾಲಿ ಮಾಳಿಗಿ ಮ್ಯಾಲ ನಿಂತ್ರ ಮಳಖೇಡದ ಕ್ವಾಟಿ ಗ್ವಾಡಿ ಕಾಣ್ತದ.

ಹೋದ ವಾರ ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಅವರ ಅಣ್ಣನ ಮೊಬೈಲ್ ತಂದಿದ್ದ. "ಟೀಚರ್, ಈ ಆಟದಾಗ ನಾಣ್ಯ ಇಲ್ಲಿಗಿ ಬಂದು ನಿಂತಾವ್ರಿ. ಎಷ್ಟ್ ಆಡಿದ್ರೂ ಮುಂದ ಹೋಗವಲ್ಲವು" ಅಂದ. ನೋಡಿದ್ರ 2147483647. ನನಗ ಅದು ಗುರ್ತಿನ ಸಂಖ್ಯೆ. ಎರಡನ್ನ ಮೂವತ್ತೊಂದು ಸಲ ಗುಣಿಸಿ ಒಂದು ಕಳದ್ರ ಬರ್ತದ, 2³¹ − 1. ಹಲಗಿ ಮ್ಯಾಲ ಬರದೆ, "ಇದು ಅವಿಭಾಜ್ಯ ಸಂಖ್ಯೆ, 1772ರ ಹೊತ್ತಿಗೇ ಯೂಲರ್ ಅನ್ನೋರು ಸಾಧಿಸಿ ತೋರ್ಸ್ಯಾರ" ಅಂತ ಹೇಳ್ದೆ. ಹಿಂದಿನ ಸಾಲಿನ ಹುಡುಗಿ ಎದ್ದು ನಿಂತು, "ಅವ್ರು ಎಲ್ಲದರಿಂದನೂ ಭಾಗಿಸಿ ನೋಡಿದ್ರೇನ್ರಿ ಟೀಚರ್?" ಅಂತ ಕೇಳಿದ್ಲು.

ಈ ಹುಡುಗಿ ಕೇಳಿದ್ರ ನಾ ಹಗುರಾಗಿ ತಗೊಳ್ಳಂಗಿಲ್ಲ. ಯಾಕಂದ್ರ ಹೋದ ವರ್ಷ ನಾನೇ ಒಂದು ತಪ್ಪು ಮಾಡೀನಿ. 2, 3, 5, 7 ಇವುಗಳನ್ನ ಎರಡರ ಘಾತ ಮಾಡಿ ಒಂದು ಕಳದ್ರ 3, 7, 31, 127 ಬರ್ತಾವ. ನಾಲ್ಕೂ ಅವಿಭಾಜ್ಯ. ಘಾತ ಅವಿಭಾಜ್ಯ ಇದ್ರ ಉತ್ತರನೂ ಅವಿಭಾಜ್ಯನೇ ಬರ್ತದ ಅಂತ ಕ್ಲಾಸಿನಾಗ ಹೇಳಿಬಿಟ್ಟಿದ್ದೆ. ಮರುದಿನ ಮುಂಜಾನಿ ಪ್ರಾರ್ಥನಾಕ್ಕಿಂತ ಮೊದಲೇ ಈ ಹುಡುಗಿ ನೋಟ್‌ಬುಕ್ ಹಿಡಕೊಂಡು ಬಂದ್ಲು. ಘಾತ 11 ಹಾಕಿ 2047 ತಗದಿದ್ಲು, ಅದರ ಕೆಳಗ 23 × 89 ಅಂತ ಬರದಿದ್ಲು. ಆಗಿನಿಂದ ನಾ ಸಾಧಿಸಿ ತೋರ್ಸಲಾರದ್ದನ್ನ ಖರೇ ಅಂತ ಹೇಳೋದು ಬಿಟ್ಟೀನಿ.

ಈಗ ನನ್ನ ಕಷ್ಟ ಕೇಳ್ರಿ. ಈ ಸಂಖ್ಯೆದ ವರ್ಗಮೂಲ 46340ರ ಮ್ಯಾಲ ಸ್ವಲ್ಪ ಬರ್ತದ. ಅಷ್ಟರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದ್ರ ಸಾಕು, ಅದು ಮಕ್ಕಳಿಗೂ ಗೊತ್ತದ. ಆದ್ರ ಅಂಥಾವು 4700ಕ್ಕಿಂತ ಜಾಸ್ತಿ ಅವ. ಕ್ಲಾಸಿನಾಗ 42 ಮಕ್ಕಳು. ಒಬ್ಬೊಬ್ಬರ ಪಾಲಿಗಿ ನೂರಾಹತ್ತರ ಮ್ಯಾಲ ಭಾಗಾಕಾರ, ಅದೂ ಹತ್ತಂಕಿ ಸಂಖ್ಯೆದ್ದು. ಆಗೋ ಕೆಲಸಲ್ಲ. ಯೂಲರ್ ಅವರಿಗಿ ಆ ವಯಸ್ಸಿನಾಗ ಕಣ್ಣು ಹೆಚ್ಚುಕಮ್ಮಿ ಪೂರ್ತಿ ಹೋಗಿತ್ತು, ಯಂತ್ರಂತೂ ಇರಲೇ ಇಲ್ಲ. ಅಂದ್ರ ಅವರ ಕಡಿ ಯಾವುದೋ ಹತ್ರದ ದಾರಿ ಇತ್ತು.

ಆ ದಾರಿ ಯಾವುದು? ನಮ್ಮ ಮಕ್ಕಳಿಗಿ ಭಾಗಾಕಾರ, ಶೇಷ, ಘಾತಾಂಕ ಇಷ್ಟು ಬರ್ತದ, ಇದರ ಮ್ಯಾಲಿಂದು ಏನೂ ಗೊತ್ತಿಲ್ಲ. ಕಂಪ್ಯೂಟರ್ ಹೇಳ್ತದ ಅನ್ನೋ ಉತ್ತರ ದಯವಿಟ್ಟು ಬ್ಯಾಡ್ರಿ. ಇದು ಪರೀಕ್ಷಾಕ್ಕ ಬರಂಗಿಲ್ಲ ಅನ್ನೋದೂ ನನಗ ಗೊತ್ತದ.

ಬುದ್ಧನ ಗುಡ್ಡ, ಶಹಾಪುರ:

ಮೇಡಂರೀ, ನಾ ಯಾದಗಿರಿ ಜಿಲ್ಲಾದಂವ, ಈಗ ಬೆಂಗಳೂರಿನಾಗ ಸಾಫ್ಟ್‌ವೇರ್ ಕೆಲಸ. ಕಂಪ್ಯೂಟರ್ ಬ್ಯಾಡ ಅಂದೀರಿ, ಅದಕ್ಕ ಸಾಧನಾದ ತಂಟಿಗಿ ಹೋಗಂಗಿಲ್ಲ. ಆದ್ರ ಆ ಹುಡುಗನ ಪ್ರಶ್ನೆಗಿ ಉತ್ತರ ಉಳದೇ ಹೋಗ್ಯದ. ನಾಣ್ಯ ಅಲ್ಲೇ ಯಾಕ ನಿಂತ್ವು?

ಕಂಪ್ಯೂಟರಿನಾಗ ಒಂದು ಪೂರ್ಣಾಂಕಕ್ಕ 32 ಖಾನೆ ಕೊಡೋದು ಭಾಳ ದಿನದ ರೂಢಿ. ಒಂದೊಂದು ಖಾನೆದಾಗ 0 ಇಲ್ಲಾ 1. ಮೊದಲನೇ ಖಾನೆ ಧನ ಋಣ ಗುರ್ತಿಗಿ ಹೋಗ್ತದ. ಉಳಿದ 31 ಖಾನೆದಾಗೂ 1 ತುಂಬಿದ್ರ ಅದೇ ಅತಿ ದೊಡ್ಡ ಧನ ಸಂಖ್ಯೆ, ನಿಮ್ಮ 2147483647. ಜ್ವಾಳದ ಹಗೇವು ತುಂಬಿದ ಮ್ಯಾಲ ಇನ್ನೊಂದು ಹಿಡಿ ಹಾಕಲಿಕ್ಕ ಜಾಗ ಇರಲ್ಲ ನೋಡ್ರಿ, ಹಾಂಗ. ಆಟ ಬರದಾಂವ ಜ್ವಾಕಿ ಮಾಡಿದ್ರ ಎಣಿಕಿ ಅಲ್ಲೇ ನಿಲ್ತದ. ಮಾಡದಿದ್ರ ಒಮ್ಮೆಲೇ ಋಣ ಸಂಖ್ಯೆಕ್ಕ ಜಿಗಿತದ.

ಮಕ್ಕಳಿಗಿ ಇದೂ ಹೇಳ್ರಿ. ಭಾಳಷ್ಟು ಕಂಪ್ಯೂಟರ್‌ಗಳು ಹೊತ್ತನ್ನ 1970ರ ಜನವರಿ 1ರಿಂದ ಸೆಕೆಂಡಿನ ಲೆಕ್ಕದಾಗ ಎಣಸ್ತಾವ. ಅದನ್ನ 32 ಖಾನೆದಾಗ ಇಟ್ಟಂಥ ಹಳೇ ಯಂತ್ರದಾಗ ಎಣಿಕಿ ತುಂಬೋದು 2038ರ ಜನವರಿ 19, ಮಂಗಳವಾರ. ನಮ್ಮ ಹೊತ್ತಿನಾಗ ಮುಂಜಾನಿ 8 ಗಂಟೆ 44 ನಿಮಿಷ 7 ಸೆಕೆಂಡಿಗಿ. ಆವತ್ತಿನೊಳಗ ಅವನ್ನೆಲ್ಲಾ ತಿದ್ದೋ ಕೆಲಸ ಈಗಲೇ ನಡದದ. ನಿಮ್ಮ ಒಂಬತ್ತನೇ ಕ್ಲಾಸಿನವ್ರು ಆಗ ಕೆಲಸಕ್ಕ ಹೋಗೋ ವಯಸ್ಸಿನಾಗ ಇರ್ತಾರ.

ಖಾನೆ 31 ಆಗಿದ್ದಕ್ಕೂ ಸಂಖ್ಯೆ ಅವಿಭಾಜ್ಯ ಆಗಿದ್ದಕ್ಕೂ ಸಂಬಂಧ ಇಲ್ರಿ. 64 ಖಾನೆ ಇದ್ದಲ್ಲಿ ಕೊನೀದು 2⁶³ − 1 ಆಗ್ತದ, ಅದು ಏಳರಿಂದ ಹೋಗ್ತದ.

ಚೌಬಾರಾ, ಬೀದರ:

ತಂಗೀ, ನಿಮ್ಮ ಪ್ರಶ್ನೆ ಓದಿ ಭಾಳ ಸಂತೋಷ ಆಯ್ತು. ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತ ಆದವ. ಸಂಜಿಗೆ ಗವಾನ್ ಮದರಸಾದ ತನಕ ಅಡ್ಡಾಡಿ ಬರ್ತೀನಿ, ನಿನ್ನೆ ಪೂರ್ತಿ ಇದೇ ತಲಿಯಾಗ ಇತ್ತು. ಮೂವತ್ತೊಂದಕ್ಕೆ ಹೋಗೋದಕ್ಕಿಂತ ಮುಂಚೆ ನಿಮ್ಮ ಹುಡುಗಿಯ 2047ನ್ನೇ ಕೈಗೆ ತಗೊಳ್ಳಿ. ದಾರಿ ಅದರೊಳಗೇ ಇದೆ.

2047 ಅಂದ್ರೆ 2¹¹ − 1. ಅದು 23ರಿಂದ ಹೋಗ್ತದ. 23ರಿಂದ ಭಾಗಿಸಿದಾಗ ಬರಬಹುದಾದ ಶೇಷಗಳು 0ರಿಂದ 22ರ ತನಕ. 23 ಮಕ್ಕಳಿಗೆ ಒಂದೊಂದು ಶೇಷದ ಚೀಟಿ ಕೊಡಿ. ನಿಯಮ ಒಂದೇ: ನಿನ್ನ ಸಂಖ್ಯೆಯನ್ನ ಎರಡು ಪಟ್ಟು ಮಾಡು, 23 ದಾಟಿದ್ರೆ 23 ಕಳೆ, ಆ ಚೀಟಿ ಯಾರ ಹತ್ತಿರ ಇದೆಯೋ ಅವರ ಕೈ ಹಿಡಿ. 1 ಹಿಡಿಯೋದು 2ರ ಕೈ. ಅಲ್ಲಿಂದ 4, 8, 16. ಹದಿನಾರರ ಎರಡು ಪಟ್ಟು 32, ಅದರಾಗ 23 ಹೋದ್ರೆ 9. ಆಮೇಲೆ 18, 13, 3, 6, 12. ಹನ್ನೆರಡರ ಎರಡು ಪಟ್ಟು 24, ಅಂದ್ರೆ ಮತ್ತೆ 1. ಹನ್ನೊಂದು ಮಕ್ಕಳ ಒಂದು ಸುತ್ತು ಕೂಡಿತು. ಹನ್ನೊಂದು ಸಲ ಎರಡು ಪಟ್ಟು ಮಾಡಿದಾಗ 1ಕ್ಕೆ ಮರಳಿದ್ದೇ 2047ರೊಳಗೆ 23 ಕೂತಿರೋದರ ಗುರುತು.

ಉಳಿದವರು? ಐದರಿಂದ ಶುರು ಮಾಡಿ: 5, 10, 20, 17, 11, 22, 21, 19, 15, 7, 14, ಮತ್ತೆ 5. ಇದೂ ಹನ್ನೊಂದರ ಸುತ್ತೇ. ಸೊನ್ನೆಯ ಎರಡು ಪಟ್ಟು ಸೊನ್ನೆ, ಆ ಕೂಸು ಒಂದೇ ನಡುವೆ ನಿಲ್ಲಲಿ. ಕೋಲಾಟಕ್ಕೆ ಎರಡು ಸುತ್ತು ನಿಂತ ಹಾಗೆ ಕಾಣಬೇಕು.

ಈಗ ನೋಡಿ, 22 ಮಕ್ಕಳು ಹನ್ನೊಂದರ ಸುತ್ತುಗಳಾಗಿ ಒಬ್ಬರೂ ಉಳಿಯದೆ ಕೂಡಿದರು. ಹಾಗಾದ್ರೆ 22ನ್ನ 11 ಭಾಗಿಸಲೇಬೇಕು. ಇದು 23ರ ಗುಣ ಅಷ್ಟೇ ಅಲ್ಲ. 2¹¹ − 1ನ್ನ ಭಾಗಿಸುವ ಯಾವ ಅವಿಭಾಜ್ಯವನ್ನೇ ತಗೊಳ್ಳಿ, ಅದರಲ್ಲಿ 1 ಕಳೆದ್ರೆ 11ರಿಂದ ಹೋಗ್ತದ. 89ರಲ್ಲಿ 1 ಕಳೆದ್ರೆ 88, ಎಂಟು ಸುತ್ತು.

ಹನ್ನೊಂದಕ್ಕಿಂತ ಮುಂಚೆಯೇ ಸುತ್ತು ಮುಚ್ಚಿಬಿಟ್ರೆ ಅಂತ ಯಾರಾದ್ರೂ ಕೇಳಬೇಕು, ಕೇಳಲಿ. ಮುಂಚೆ ಮುಚ್ಚುವ ಸುತ್ತು ಹನ್ನೊಂದನೇ ಹೆಜ್ಜೆಗೂ ಮುಚ್ಚಬೇಕಾದ್ರೆ ಅದರ ಉದ್ದ 11ನ್ನ ಭಾಗಿಸಬೇಕು. 11 ಅವಿಭಾಜ್ಯ, ಉಳಿಯೋದು ಉದ್ದ 1 ಮಾತ್ರ. ಉದ್ದ 1 ಅಂದ್ರೆ 1ರ ಎರಡು ಪಟ್ಟು 1 ಅಂತಾಯ್ತು, ಅದು ಆಗದ ಮಾತು.

ಈಗ 31ಕ್ಕೆ ಬನ್ನಿ. ನಿಮ್ಮ ದೊಡ್ಡ ಸಂಖ್ಯೆಗೆ ಒಂದು ಅವಿಭಾಜ್ಯ ಭಾಜಕ ಇದೆ ಅಂತ ಇಟ್ಟುಕೊಳ್ಳಿ. ಅದರ ಶೇಷಗಳು ಮೂವತ್ತೊಂದು ಮೂವತ್ತೊಂದರ ಸುತ್ತುಗಳಾಗಿ ನಿಲ್ಲಬೇಕು. ಭಾಜಕ ಬೆಸ, ಅದರಲ್ಲಿ 1 ಕಳೆದ್ರೆ ಸಮ. ಹಾಗಾಗಿ ಅದು 62ರ ಗುಣಕಕ್ಕೆ 1 ಕೂಡಿಸಿದ ಸಂಖ್ಯೆಯೇ ಆಗಿರಬೇಕು. 3, 5, 7, 11, 13 ಇವನ್ನ ಮುಟ್ಟಿಯೂ ನೋಡಬೇಕಾಗಿಲ್ಲ. ನಿಮ್ಮ 4700 ಚಿಲ್ಲರೆಯ ರಾಶಿ ಅಲ್ಲೇ ಕರಗಿ ಹೋಯ್ತು.

ಕಾಗಿಣಾ ದಂಡಿ, ಸೇಡಂ ತಾಲೂಕು:

ಸರ್ರ, ಕೈ ಮುಗಿತೀನ್ರಿ. ಒಂದೇ ಅನುಮಾನ ಉಳದದ. ಎಲ್ಲಾ ಸುತ್ತೂ ಒಂದೇ ಉದ್ದ ಇರ್ತಾವ ಅಂತ ಹ್ಯಾಂಗ ಹೇಳೋದ್ರಿ? ಮೊದಲಿಂದು ಹನ್ನೊಂದು ಬಂತು, ಎರಡನೇದು ಏಳಾಗಿ ಮುಚ್ಚಿದ್ರ ಲೆಕ್ಕ ಕೆಡ್ತದಲ್ರಿ. ಆ ಹುಡುಗಿ ಇದನ್ನ ಕೇಳೇ ಕೇಳ್ತಾಳ.

ಚೌಬಾರಾ, ಬೀದರ:

ಕೇಳಬೇಕಾದ್ದೇ. ಮೊದಲನೇ ಸುತ್ತಿನ ಪ್ರತಿ ಸಂಖ್ಯೆಯನ್ನ 5ರಿಂದ ಗುಣಿಸಿ 23ರ ಶೇಷ ತಗೊಳ್ಳಲಿಕ್ಕೆ ಹೇಳಿ. 1 ಹೋಗಿ 5 ಆಗ್ತದ, 2 ಹೋಗಿ 10, 4 ಹೋಗಿ 20, 8 ಹೋಗಿ 40 ಅಂದ್ರೆ 17. ಎರಡನೇ ಸುತ್ತು ಅದೇ ಅನುಕ್ರಮದಲ್ಲಿ ಎದ್ದು ಬರ್ತದ. ಎರಡನೇದು ಮೊದಲನೇದರ ಐದು ಪಟ್ಟು, ಬೇರೆ ಏನೂ ಅಲ್ಲ. 23 ಅವಿಭಾಜ್ಯ ಆಗಿರೋದರಿಂದ ಗುಣಿಸುವಾಗ ಎರಡು ಬೇರೆ ಶೇಷಗಳು ಒಂದೇ ಆಗಿಬಿಡೋದಿಲ್ಲ, ಯಾರೂ ಕಳೆದುಹೋಗೋದಿಲ್ಲ. ಹಾಗಾಗಿ ಉದ್ದ ಒಂದೇ.

ಅಪ್ಪನ ಕೆರಿ, ಕಲಬುರಗಿ:

ಟೀಚರ್, ನಾನು ಎಂಎಸ್ಸಿ ಗಣಿತದ ವಿದ್ಯಾರ್ಥಿನಿ. ಸರ್ ಹೇಳಿದ್ದು ಅರ್ಧ ದಾರಿ. ಯೂಲರ್ ಇನ್ನೊಂದು ಜರಡಿ ಹಿಡಿದಿದ್ದರು, ಅದು ಹಿಡಿದರೆ ನಿಮ್ಮ ಕೆಲಸ ಮತ್ತೂ ಅರ್ಧ ಆಗುತ್ತದೆ.

ಭಾಜಕದಿಂದ ಭಾಗಿಸಿದಾಗ 2³¹ರ ಶೇಷ 1. ಅದನ್ನು ಮತ್ತೊಮ್ಮೆ ಎರಡು ಪಟ್ಟು ಮಾಡಿದರೆ 2³²ರ ಶೇಷ 2. ಆದರೆ 2³² ಅಂದರೆ 2¹⁶ರ ವರ್ಗ, 65536ರ ವರ್ಗ. ಹಾಗಾದರೆ ಆ ಭಾಜಕದ ಶೇಷಗಳ ಲೋಕದಲ್ಲಿ 2 ಒಂದು ವರ್ಗಸಂಖ್ಯೆ. ಎಲ್ಲಾ ಅವಿಭಾಜ್ಯಗಳಲ್ಲೂ ಹೀಗಾಗುವುದಿಲ್ಲ. 7ರಲ್ಲಿ ಆಗುತ್ತದೆ: ಮೂರರ ವರ್ಗ 9, ಶೇಷ 2. 17ರಲ್ಲಿ ಆರರ ವರ್ಗ 36, ಶೇಷ 2. 23ರಲ್ಲಿ ಐದರ ವರ್ಗ 25. 31ರಲ್ಲಿ ಎಂಟರ ವರ್ಗ 64. 3, 5, 11, 13 ಇವುಗಳಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಸಿಗುವವುಗಳನ್ನೆಲ್ಲ 8ರಿಂದ ಭಾಗಿಸಿ ನೋಡಿದರೆ ಶೇಷ 1 ಅಥವಾ 7. ಇದು ಸಾಬೀತಾದ ಪ್ರಮೇಯ. ಇದರ ಸಾಧನೆ ಒಂಬತ್ತನೇ ತರಗತಿಗೆ ಭಾರವಾಗುತ್ತದೆ ಅನ್ನುವುದು ನನ್ನ ಅನಿಸಿಕೆ. ಮಕ್ಕಳು 50ರೊಳಗಿನ ಅವಿಭಾಜ್ಯಗಳಲ್ಲಿ ತಾವೇ ಪಟ್ಟಿ ಮಾಡಿ ಕಂಡುಕೊಳ್ಳಲಿ, ಸಾಧನೆಯನ್ನು ಮುಂದೆ ಕಲಿಯುತ್ತೀರಿ ಅಂತ ಬಾಯಿಬಿಟ್ಟು ಹೇಳಿಬಿಡಿ. ಸಾಧಿಸದೆ ಬಿಟ್ಟದ್ದನ್ನು ಬಿಟ್ಟಿದ್ದೇವೆ ಅಂತ ಹೇಳಿದರೆ ಆ ಹುಡುಗಿಯೂ ಒಪ್ಪುತ್ತಾಳೆ.

ಎರಡೂ ಜರಡಿ ಹಾಕಿದ ಮೇಲೆ ಉಳಿಯುವುದು ಎರಡೇ ಬಗೆ: 248ರ ಗುಣಕಕ್ಕೆ 1 ಕೂಡಿಸಿದವು, 248ರ ಗುಣಕಕ್ಕೆ 63 ಕೂಡಿಸಿದವು. 46340ರೊಳಗೆ ಇಂಥವು, 63ನ್ನು ಬಿಟ್ಟು, 372. ಅವುಗಳಲ್ಲೂ 249, 559, 745 ಇಂಥವು ಅವಿಭಾಜ್ಯವಲ್ಲ, ಹೊಡೆದುಹಾಕಿ. ಎಲ್ಲ ಆದ ಮೇಲೆ ಕೈಯಲ್ಲಿ ಉಳಿಯುವುದು ಎಂಬತ್ತು ಚಿಲ್ಲರೆ. ನಿಮ್ಮ ಕ್ಲಾಸಿಗೆ ತಲೆಗೆ ಎರಡರ ಲೆಕ್ಕ!

ಮೊದಲ ಕೆಲವನ್ನು ನಾನೇ ಕೈಯಲ್ಲಿ ಮಾಡಿದ್ದೇನೆ, ತಾಳೆ ನೋಡಿಕೊಳ್ಳಿ. 311ರಿಂದ ಭಾಗಿಸಿದರೆ ಭಾಗಲಬ್ಧ 6905092, ಶೇಷ 35. 1303ಕ್ಕೆ ಶೇಷ 226. 1489ಕ್ಕೆ 199. 2543ಕ್ಕೆ 1523. ಪಟ್ಟಿಯ ನಡುವೆ 2047 ಕೂಡ ಬರುತ್ತದೆ, 248ರ ಎಂಟು ಪಟ್ಟಿಗೆ 63 ಕೂಡಿಸಿದರೆ ಅದೇ. ಅದನ್ನು ಆ ಹುಡುಗಿಯ ಕೈಯಿಂದಲೇ ಹೊಡೆಸಿ.

ಇನ್ನೊಂದು ಮಾತು. ನೀವು ಮಳಖೇಡದ ಪಕ್ಕದವರು ಅಂದಾಗ ನನಗೆ ಮೊದಲು ನೆನಪಾದದ್ದು ಮಹಾವೀರಾಚಾರ್ಯರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಗಣಿತಸಾರಸಂಗ್ರಹ ಬರೆದವರು. ಆ ಅರಸನ ರಾಜಧಾನಿ ಮಾನ್ಯಖೇಟವೇ ಇವತ್ತಿನ ನಿಮ್ಮ ಮಳಖೇಡ. ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವ ಗುಣಲಬ್ಧಗಳ ಮೇಲೆ ಅವರಿಗೆ ಪ್ರೀತಿ. ಒಂದರಿಂದ ಹೊರಟು ಆರರ ತನಕ ಏರಿ ಹಾಗೇ ಇಳಿಯುವ ಸಂಖ್ಯೆ, 12345654321, ಅವರ ಗ್ರಂಥದಲ್ಲಿದೆ. ಅದು 111111ರ ವರ್ಗ.

ನಿಮ್ಮ ಸಂಖ್ಯೆ ಎರಡರ ಲಿಪಿಯಲ್ಲಿ, ಅಂದರೆ 0 ಮತ್ತು 1 ಎರಡೇ ಅಂಕಿಗಳಲ್ಲಿ ಬರೆದರೆ, ಮೂವತ್ತೊಂದು ಒಂದುಗಳ ಸರ. ಒಂದುಗಳ ಸರ ಹಿಡಿದರೆ ಘಾತ ಯಾಕೆ ಅವಿಭಾಜ್ಯ ಇರಲೇಬೇಕು ಅನ್ನುವುದು ಕಣ್ಣಿಗೇ ಕಾಣುತ್ತದೆ. ಆರು ಒಂದುಗಳನ್ನು ಎರಡೆರಡಾಗಿ ಕಟ್ಟಿ: 11, 11, 11. ಅಂದರೆ 111111 = 11 × 10101. ಮೂರುಮೂರಾಗಿ ಕಟ್ಟಿದರೆ 111 × 1001. ಹತ್ತರ ಲಿಪಿಯಲ್ಲಿ ಓದಿದರೂ ಎರಡರ ಲಿಪಿಯಲ್ಲಿ ಓದಿದರೂ ಇದು ನಿಜ. ಒಂದುಗಳ ಎಣಿಕೆ ಗುಂಪಾಗಿ ಒಡೆದರೆ ಸಂಖ್ಯೆಯೂ ಒಡೆಯುತ್ತದೆ. ಮೂವತ್ತೊಂದನ್ನು ಸಮ ಗುಂಪು ಮಾಡಲಾಗದು. ಆದರೆ ಗುಂಪಾಗದ ಮಾತ್ರಕ್ಕೆ ಅವಿಭಾಜ್ಯ ಅಂತಲ್ಲ, ಹನ್ನೊಂದರಲ್ಲಿ ನೀವೇ ನೋಡಿದ್ದೀರಿ. ಹತ್ತರ ಲಿಪಿಯಲ್ಲಿ 11 ಅವಿಭಾಜ್ಯ, ಆಮೇಲೆ ಒಂದೇ ಒಂದುಗಳ ಅವಿಭಾಜ್ಯ ಸಿಗಬೇಕಾದರೆ ಹತ್ತೊಂಬತ್ತು ಒಂದುಗಳ ತನಕ ಕಾಯಬೇಕು.

ಆಚಾರ್ಯರ ಹಾರಗಳನ್ನು ಯೂಲರ್ ಸಾಧನೆಯ ಜೊತೆ ಬೆರೆಸಿ ಎಲ್ಲಾ ನಮ್ಮಲ್ಲೇ ಇತ್ತು ಅಂತ ಮಾತ್ರ ಹೇಳಬೇಡಿ, ಟೀಚರ್. ಅದು ಇಬ್ಬರಿಗೂ ಮಾಡುವ ಅನ್ಯಾಯ. ಹಾರ ಅವರದು, ಜರಡಿ ಇವರದು.

ಬುದ್ಧನ ಗುಡ್ಡ, ಶಹಾಪುರ:

ಅಕ್ಕಾರೀ, ಎಂಬತ್ತು ಭಾಗಾಕಾರನೂ ಬ್ಯಾಡ ಅಂದ್ರ ಇನ್ನೊಂದು ದಾರಿ ಅದ. ಲ್ಯೂಕಾ ಅನ್ನೋ ಫ್ರೆಂಚ್ ಗಣಿತಜ್ಞ ಹುಡುಕಿದ್ದು, ಆಮ್ಯಾಲ ಲೆಹ್ಮರ್ ಸಲೀಸು ಮಾಡಿದ್ದು. 4ರಿಂದ ಶುರು. ವರ್ಗ ಮಾಡಿ 2 ಕಳೀರಿ, ನಿಮ್ಮ ಸಂಖ್ಯೆದಿಂದ ಭಾಗಿಸಿ ಶೇಷ ಇಟ್ಕೊರಿ. ಘಾತದಾಗ 2 ಕಳದ್ರ ಎಷ್ಟೋ ಅಷ್ಟು ಸಲ ಮಾಡ್ರಿ. ಕೊನೀಗಿ ಸೊನ್ನೆ ಬಂದ್ರ ಅವಿಭಾಜ್ಯ, ಬರದಿದ್ರ ಅಲ್ಲ.

127ಕ್ಕ ಮಾಡಿ ನೋಡ್ರಿ, ಘಾತ 7, ಐದು ಹೆಜ್ಜಿ. 4 ಹೋಗಿ 14. 14ರ ವರ್ಗ 196, ಎರಡು ಕಳದ್ರ 194, ಶೇಷ 67. ಆಮ್ಯಾಲ 42, ಆಮ್ಯಾಲ 111. 111ರ ವರ್ಗ 12321, ಎರಡು ಕಳದ್ರ 12319. ಅದು 127 × 97, ಸರೀ ಸೊನ್ನೆ! 2047ಕ್ಕ ಒಂಬತ್ತು ಹೆಜ್ಜಿ ಹೋದ್ರ ಕೊನೀಗಿ 1736 ಉಳಿತದ, ಸೊನ್ನೆ ಅಲ್ಲ. ಅಂದ್ರ 23, 89 ಹೆಸರೇ ಎತ್ತದಂಗ ಅದು ಅವಿಭಾಜ್ಯ ಅಲ್ಲ ಅಂತ ಗೊತ್ತಾಯ್ತು.

1876ರಾಗ ಲ್ಯೂಕಾ ತಮ್ಮ ವಿಧಾನದಿಂದ ಕೈಲೇ 2¹²⁷ − 1 ಅವಿಭಾಜ್ಯ ಅಂತ ತೋರ್ಸಿದ್ರು, 39 ಅಂಕಿ. 75 ವರ್ಷ ಅದನ್ನ ಯಾರೂ ಮೀರಿಸಲಿಲ್ಲ. ಈಗ ಗೊತ್ತಿರೋ ಅತಿ ದೊಡ್ಡ ಅವಿಭಾಜ್ಯ 2024ರ ಅಕ್ಟೋಬರದಾಗ ಸಿಕ್ಕದ್ದು: ಎರಡರ ಘಾತ 136279841, ಅದರಾಗ 1 ಕಳೀಬೇಕು. 41024320 ಅಂಕಿ. 1996ರಿಂದ ನಡದ ಒಂದು ಕೂಟದಾಗ ಜನ ತಮ್ಮ ತಮ್ಮ ಕಂಪ್ಯೂಟರ್ ಹಚ್ಚಿ ಹುಡುಕ್ತಾರ, ಲ್ಯೂಕ್ ಡ್ಯುರಾಂಟ್ ಅನ್ನೋರಿಗಿ ಸಿಕ್ತು. ಪುಟಕ್ಕ 2000 ಅಂಕಿ ಹಿಡಿಸಿ ಬರದ್ರೂ 200 ಪುಟದ ನೋಟ್‌ಬುಕ್ 103 ಬೇಕು. ಕೊನೀ ಅಂಕಿ ಮಾತ್ರ ನಿಮ್ಮ ಮಕ್ಕಳು ಬಾಯಿಲೇ ಹೇಳಬಹುದು. ಎರಡರ ಘಾತಗಳ ಕೊನೀ ಅಂಕಿ 2, 4, 8, 6 ಅಂತ ತಿರುಗ್ತದ. ಘಾತನ್ನ 4ರಿಂದ ಭಾಗಿಸಿದ್ರ ಶೇಷ 1, ಅದಕ್ಕ ಕೊನೀಗಿ 2, ಒಂದು ಕಳದ್ರ 1.

ಕಾಗಿಣಾ ದಂಡಿ, ಸೇಡಂ ತಾಲೂಕು:

ತಮ್ಮಾ, 127ರದ್ದು ಭಾಳ ಛಂದ ಅದ, ಹಲಗಿ ಮ್ಯಾಲ ಹಾಕ್ತೀನಿ. ಆದ್ರ 31ಕ್ಕ ಅದರಾಗ 29 ಹೆಜ್ಜಿ, ಹೆಜ್ಜಿಗೊಮ್ಮೆ ಹತ್ತಂಕಿದ ವರ್ಗ. ಒಂದು ಕಡಿ ತಪ್ಪಿದ್ರ ಮುಂದಿಂದೆಲ್ಲಾ ಹೋಯ್ತು. ಮತ್ತ ಸೊನ್ನೆ ಬಂದ್ರ ಯಾಕ ಅವಿಭಾಜ್ಯ ಅನ್ನೋದು ಮಕ್ಕಳಿಗಿ ಹೇಳಲಿಕ್ಕ ನನಗ ಬರಂಗಿಲ್ಲ. ಭಾಗಾಕಾರನೇ ನಮ್ಮ ಕೈಗಿ ಹತ್ತೋದು.

ಅಪ್ಪನ ಕೆರಿ, ಕಲಬುರಗಿ:

ಮುಗಿದ ಮೇಲೆ ಮಕ್ಕಳಿಗೆ ಪರಿಪೂರ್ಣ ಸಂಖ್ಯೆ ಕೊಡಿ, ಅದು ಬಹುಮಾನ. ತನ್ನನ್ನು ಬಿಟ್ಟು ಉಳಿದ ಅಪವರ್ತನಗಳೆಲ್ಲ ಕೂಡಿ ತಾನೇ ಆಗುವ ಸಂಖ್ಯೆ. 28ಕ್ಕೆ 1, 2, 4, 7, 14 ಕೂಡಿಸಿದರೆ 28. ಅದು 4 × 7. 496 ಅಂದರೆ 16 × 31. ಇಂಥ ಒಂದೊಂದು ಅವಿಭಾಜ್ಯಕ್ಕೂ ಒಂದು ಪರಿಪೂರ್ಣ ಸಂಖ್ಯೆ ಜೊತೆಗಿದೆ. 2147483647ಕ್ಕೆ ಜೊತೆಯಾದದ್ದು 2305843008139952128. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಎಂದೂ ಹುಡುಕಲಾರರು ಅಂತ ಬರೆದಿದ್ದರು. ಉಪಯೋಗವಿಲ್ಲದ್ದಕ್ಕೆ ಅಷ್ಟು ಕಷ್ಟ ಯಾರು ಪಡುತ್ತಾರೆ ಅನ್ನುವುದು ಅವರ ಎಣಿಕೆ. ಇವತ್ತು ಗೊತ್ತಿರುವುದು 52. ಯೂಲರ್ ಅವರದು ಎಂಟನೆಯದು.

ಕಾಗಿಣಾ ದಂಡಿ, ಸೇಡಂ ತಾಲೂಕು:

ಎಲ್ಲರಿಗೂ ವರದಿ ಒಪ್ಪಿಸ್ತೀನ್ರಿ.

ಇಲ್ಲಿ ಈಗ ತೊಗರಿ ರಾಶಿ ನಡದದ. ಸ್ವಾಮಾರ ಹಾಜರಿ ತಗೊಂಡ್ರ 42ರಾಗ ಬಂದವ್ರು 23 ಮಂದಿ. ಎರಡು ಸಲ ಎಣಸಿ ನೋಡ್ದೆ. ಬೀದರ ಸರ್ ಹೇಳಿದ ಸುತ್ತಿಗಿ ಬೇಕಾದ್ದು ಅಷ್ಟೇ! ಪಾಠ ಮುಂದ ಹಾಕಿ ಎಲ್ಲರನ್ನೂ ಅಂಗಳಕ್ಕ ಕರಕೊಂಡು ಹ್ವಾದೆ. ಚೀಟಿ ಹಂಚಿದೆ. ಸೊನ್ನೆ ಬಂದದ್ದು ಮೊಬೈಲ್ ತಂದಿದ್ದ ಹುಡುಗನಿಗಿ, ನಡುವ ನಿಂತ. ಉಳಿದವ್ರು ತಮ್ಮ ತಮ್ಮ ಎರಡು ಪಟ್ಟು ಹುಡುಕ್ತಾ ಓಡಾಡಿದ್ರು. ಹನ್ನೆರಡರ ಚೀಟಿ ಇದ್ದ ಹುಡುಗಿ ಬಂದು 1ರ ಕೈ ಹಿಡಿದಾಗ ಮೊದಲನೇ ಸುತ್ತು ಮುಚ್ಚಿತು. ಆ ಕಡಿ ಇನ್ನೊಂದು ಸುತ್ತು ತಾನಾಗೇ ಮುಚ್ಚಿತ್ತು. ಯಾರೂ ಹೊರಗ ಉಳೀಲಿಲ್ಲ. "ಟೀಚರ್, 22 ಇರಲಾರ್ದೇ 25 ಮಂದಿ ಇದ್ರ ಮೂರು ಮಂದಿ ಉಳಿತಿದ್ರು" ಅಂತ ಒಬ್ಬ ತಾನೇ ಹೇಳ್ದ. ನಾ ಹೇಳಬೇಕಂತ ಮಾಡಿದ್ದು ಅದೇ ಇತ್ತು.

ಸುತ್ತುಗಳ ಉದ್ದದ ಪ್ರಶ್ನೆ ಬಂತು, ಯಾರು ಕೇಳಿದ್ರು ಅಂತ ನಿಮಗ ಗೊತ್ತೇ ಅದ. ಐದರಿಂದ ಗುಣಿಸಿ ತೋರ್ಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಏಳರಿಂದ ಗುಣಿಸಿದ್ರೂ ಅದೇ ಎರಡನೇ ಸುತ್ತು ಬರ್ತದೇನು ಅಂತ ತಾನೇ ಮಾಡಿ ನೋಡಿದ್ಲು. ಬಂತು, ಬರೇ ಶುರು ಆಗೋ ಜಾಗ ಬ್ಯಾರೆ. ಎಂಟರ ಶೇಷದ ಪ್ರಮೇಯನ್ನ ಸಾಧಿಸಿಲ್ಲ ಅಂತ ಹಲಗಿ ಮೂಲ್ಯಾಗ ಬರದು ಇಟ್ಟೀನಿ, ಅಳಿಸಬ್ಯಾಡ್ರಿ ಅಂತ ಹೇಳೀನಿ.

ಮಂಗಳವಾರದಿಂದ ಭಾಗಾಕಾರ. ಹಲಗಿ ಸಾಲಲಿಲ್ಲ. ನಮ್ಮ ವರಾಂಡಾಕ್ಕ ಶಹಾಬಾದ ಫರಸಿ ಹಾಸ್ಯಾರ, ಒಂದೊಂದು ಫರಸಿ ಒಬ್ಬೊಬ್ಬರಿಗಿ ಕೊಟ್ಟು ಕೈಯಾಗ ಖಡು ಕೊಟ್ಟೆ. ಊಟದ ಹೊತ್ತಿನ ತನಕ ವರಾಂಡಾ ಪೂರ್ತಿ 2147483647 ತುಂಬಿತ್ತು. ಬಿಸಿಯೂಟದ ಅಮ್ಮಗೋಳು ಅನ್ನದ ಬುಟ್ಟಿ ಹೊತ್ತುಕೊಂಡು ಅಂಕಿ ತುಳೀಲಾರ್ದಂಗ ಬದಿ ಹಿಡಿದು ದಾಟಿದ್ರು. 311ಕ್ಕ ಶೇಷ 35, ಕಲಬುರಗಿ ತಂಗಿ ಹೇಳಿದಂಗೇ ಬಂತು.

2729 ಮಾಡೋ ಹುಡುಗ ಸೊನ್ನೆ ಬಂತ್ರಿ ಅಂತ ಕೂಗಿಬಿಟ್ಟ. ಎಲ್ಲರೂ ಖಡು ಬಿಟ್ಟು ಅವನ ಫರಸಿ ಸುತ್ತ ನೆರದ್ರು. ನನ್ನ ಎದಿ ಖರೇನೇ ಬಡಕೊಳ್ತು, ಯೂಲರ್ ತಪ್ಪಲಿಕ್ಕಿಲ್ಲ ಅಂತ ಗೊತ್ತಿದ್ರೂ. ನಾ ಏನೂ ಹೇಳಲಿಲ್ಲ. ಮೂರು ಮಂದಿ ಬ್ಯಾರೆ ಬ್ಯಾರೆ ಫರಸಿ ಮ್ಯಾಲ ಅದೇ ಭಾಗಾಕಾರ ಮತ್ತ ಮಾಡಿದ್ರು. ಮೂರೂ ಕಡಿ ಭಾಗಲಬ್ಧ 786912, ಶೇಷ 799. ಅವ ಕೊನೀ ಕಳೆಯೋದ್ರಾಗ ತಪ್ಪಿದ್ದ. ಆವತ್ತಿನಿಂದ ಮಕ್ಕಳೇ ಒಂದು ನಿಯಮ ಮಾಡ್ಯಾರ: ಒಂದು ಭಾಜಕಕ್ಕ ಇಬ್ಬರು, ಇಬ್ಬರದೂ ಶೇಷ ತಾಳಿ ಆದ್ರ ಮಾತ್ರ ಪಟ್ಟಿದಾಗ ಹೊಡಿಯೋದು.

ಹತ್ತು ಸಾವಿರದ ಒಳಗಿನವು ಮುಗದಾವ. ರಾಶಿಗಿ ಹೋದವ್ರು ಈ ವಾರ ವಾಪಸ್ ಬರ್ತಾರ, ಅವರ ಪಾಲಿಂದು ತಗದು ಇಟ್ಟೀವಿ. 2047ರ ಮ್ಯಾಲ ಗೀಟು ಹಾಕಿದ್ದು ಆ ಹುಡುಗಿನೇ, ಪಕ್ಕದಾಗ 23 × 89 ಅಂತ ಮತ್ತೊಮ್ಮೆ ಬರದಾಳ. ನಿನ್ನೆ ಸಾಲಿ ಬಿಡೋ ಹೊತ್ತಿಗಿ ಬಂದು, "ಟೀಚರ್, 37 ಒಂದುಗಳ ಸರದ್ದು ಯಾರರೇ ಮಾಡ್ಯಾರೇನ್ರಿ?" ಅಂತ ಕೇಳಿದ್ಲು. ನಾ ಹೆಸರು ಹೇಳಲಿಲ್ಲ, ಉತ್ತರನೂ ಹೇಳಲಿಲ್ಲ. 74ರ ಗುಣಕಕ್ಕ 1 ಕೂಡಿಸಿದ ಅವಿಭಾಜ್ಯಗಳನ್ನ ಸಣ್ಣದರಿಂದ ಹಿಡಿದು ನೋಡಕೋತ ಹೋಗು ಅಂದೀನಿ. ಮೂರನೇ ಗುಣಕಕ್ಕ 223 ಬರ್ತದ. ಇವತ್ತು ರಾತ್ರಿ ಅವಳ ಕೈಗಿ ಅದು ಸಿಗಬೇಕು.